ಮುನಿರಾಬಾದಿನ ಪವರ್ ಹೌಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಹುಲಿಗೆಮ್ಮನ ದರ್ಶನಕ್ಕೆ ಬಂದವರು ಹಾಗೇ ತುಂಗಭದ್ರಾ ಡ್ಯಾಮ್ ನೋಡಿಕೊಂಡು ಹೋಗುವುದುಂಟು. ಗೇಟಿನಿಂದ ನೀರು ಬಿಟ್ಟಿದ್ದರಂತೂ ಫೋಟೊ ತೆಗೆದದ್ದೇ ತೆಗೆದದ್ದು. ಎಡದಂಡೆಯಲ್ಲಿ, ಕಟ್ಟೆಯ ಬುಡಕ್ಕೇ ಇರುವ ಪವರ್ ಹೌಸಿನ ಕಡೆ ಮಾತ್ರ ಕಣ್ಣು ಹಾಯಿಸುವವರು ಕಡಿಮೆ. ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದಲು ಕಟ್ಟೆಯ ಕಥೆ. ಈ ಬರದ ಸೀಮೆಗೆ ತುಂಗಭದ್ರೆಯ ನೀರು ಕೊಡಬೇಕು ಅನ್ನುವ ಯೋಚನೆ 1860ರಷ್ಟು ಹಳೆಯದು. ಬ್ರಿಟಿಷ್ ಇಂಜಿನಿಯರ್ ಆರ್ಥರ್ ಕಾಟನ್ ಅವರದು. ಆದರೆ ನದಿಯ ಬಲಕ್ಕೆ ಮದ್ರಾಸ್ ಪ್ರಾಂತ್ಯ, ಎಡಕ್ಕೆ ಹೈದರಾಬಾದ್ ನಿಜಾಮರ ಸಂಸ್ಥಾನ. ಇಬ್ಬರೂ ಒಪ್ಪುವ ಹೊತ್ತಿಗೆ ಎಂಬತ್ತು ವರ್ಷದ ಮೇಲಾಯಿತು! 1945ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು.

ಕಟ್ಟಿದ್ದು ಕಲ್ಲಿನಿಂದ. ಕಲ್ಲುಗಳ ನಡುವೆ ಸುಣ್ಣ ಮತ್ತು ಸುರ್ಕಿಯ ಗಾರೆ. ಸುಟ್ಟ ಇಟ್ಟಿಗೆ ಜೇಡಿಯನ್ನು ಪುಡಿ ಮಾಡಿದರೆ ಅದೇ ಸುರ್ಕಿ. ಹಳೆ ಮನೆಗಳ ಗೋಡೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕಟ್ಟೆ, 33 ಗೇಟು.

ಮುನಿರಾಬಾದಿನ ಪವರ್ ಹೌಸ್ ಶುರುವಾದದ್ದು 1962ರಲ್ಲಿ. ಅಷ್ಟರಲ್ಲಿ ನಿಜಾಮರ ಆಳ್ವಿಕೆಯೂ ಇಲ್ಲ, ಹೈದರಾಬಾದ್ ರಾಜ್ಯವೂ ಇಲ್ಲ. ಊರು ಮೈಸೂರು ರಾಜ್ಯಕ್ಕೆ ಸೇರಿತ್ತು. ಆಗ ರಾಯಚೂರು ಜಿಲ್ಲೆ, 1997ರಿಂದ ಕೊಪ್ಪಳ. ಮೂರು ಯಂತ್ರ, ಒಟ್ಟು 28 ಮೆಗಾವ್ಯಾಟ್. ರಾಯಚೂರು ಹತ್ತಿರದ ಶಕ್ತಿನಗರದ ಥರ್ಮಲ್ ಸ್ಥಾವರದ 1720 ಮೆಗಾವ್ಯಾಟಿನ ಮುಂದೆ ಇದು ಯಾವ ಲೆಕ್ಕ ಅನ್ನಬಹುದು. ನಿಜ. ಆದರೆ ಅಲ್ಲಿ ಕಲ್ಲಿದ್ದಲು ಸುಡಬೇಕು, ಇಲ್ಲಿ ಸುಡುವುದು ಏನೂ ಇಲ್ಲ. ಬಲದಂಡೆಯಲ್ಲಿ, ಡ್ಯಾಮಿನ ಬುಡದಲ್ಲಿ ಒಂದು, ಹಂಪಿ ಹತ್ತಿರ ಕಾಲುವೆ ಮೇಲೆ ಇನ್ನೊಂದು ಪವರ್ ಹೌಸ್ ಇವೆ. ಅವು ತುಂಗಭದ್ರಾ ಮಂಡಳಿಯವು, ಆ ಕರೆಂಟಿನಲ್ಲಿ ಆಂಧ್ರಕ್ಕೇ ಪಾಲು ಜಾಸ್ತಿ.

ಇಂಥ ಕಟ್ಟಡದಲ್ಲಿ ಅಂದಕ್ಕಿಂತ ಕೆಲಸ ಮುಂದೆ. ಎತ್ತರದ ಒಂದು ಹಾಲ್. ಯಾಕಷ್ಟು ಎತ್ತರ ಅಂದರೆ, ರಿಪೇರಿಗೆ ಯಂತ್ರದ ಉದ್ದನೆಯ ಶಾಫ್ಟನ್ನು ನೆಟ್ಟಗೆ ಮೇಲಕ್ಕೆ ಎತ್ತಬೇಕಲ್ಲ, ಅದಕ್ಕೆ ಚಾವಣಿಯ ಕೆಳಗೆ ದೊಡ್ಡ ಕ್ರೇನ್ ಓಡಾಡುತ್ತದೆ. ನಾವು ನಿಲ್ಲುವ ನೆಲದ ಮೇಲೆ ಕಾಣುವುದು ಜನರೇಟರಿನ ದುಂಡನೆಯ ತಲೆ ಮಾತ್ರ. ಮುಖ್ಯ ಕೆಲಸವೆಲ್ಲ ನೆಲದ ಕೆಳಗೆ. ಕಟ್ಟೆಯೊಳಗಿನ ದಪ್ಪ ಕೊಳವೆಯಿಂದ ನೀರು ನುಗ್ಗಿ ಟರ್ಬೈನಿನ ಚಕ್ರ ತಿರುಗಿಸುತ್ತದೆ. ಕಾಲ ಕೆಳಗಿನ ನೆಲ ಸಣ್ಣಗೆ ಅದುರುತ್ತಲೇ ಇರುತ್ತದೆ.

ಜೋಗದಲ್ಲಿ ಶರಾವತಿ 253 ಮೀಟರ್ ಬೀಳುತ್ತಾಳೆ. ಅಷ್ಟು ಎತ್ತರ ಸಿಕ್ಕರೆ ಸ್ವಲ್ಪ ನೀರಿಗೇ ಜಾಸ್ತಿ ಕರೆಂಟ್. ನಮ್ಮ ಬಯಲುಸೀಮೆಯಲ್ಲಿ ಆ ಎತ್ತರ ಎಲ್ಲಿಂದ ತರೋಣ? ಹಾಗಾಗಿ ಇಲ್ಲಿ ನೀರಿನ ಪ್ರಮಾಣವೇ ಜಾಸ್ತಿ ಬೇಕು. ಡ್ಯಾಮ್ ತುಂಬಿದ್ದಾಗ ಒತ್ತಡ ಚೆನ್ನಾಗಿರುತ್ತದೆ. ಮಟ್ಟ ಇಳಿದಂತೆ, ಅಷ್ಟೇ ನೀರು ಬಿಟ್ಟರೂ ಕರೆಂಟ್ ಕಡಿಮೆ.

ಆದರೆ ನನಗೆ ಈ ಪವರ್ ಹೌಸಿನಲ್ಲಿ ಹಿಡಿಸಿದ್ದು ಬೇರೆ ಸಂಗತಿ. ಇದಕ್ಕೆ ತನ್ನದೇ ಅಂತ ನೀರಿಲ್ಲ. ಟರ್ಬೈನ್ ತಿರುಗಿಸಿದ ನೀರು ನೇರ ಎಡದಂಡೆ ಕಾಲುವೆಗೆ ಇಳಿಯುತ್ತದೆ. ಅಂದರೆ ಗಂಗಾವತಿಯಲ್ಲಿ ಭತ್ತದ ನಾಟಿ ನಡೆದರೆ ಇಲ್ಲಿ ಚಕ್ರ ತಿರುಗುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಇಲ್ಲೂ ಬಂದ್. ಕರೆಂಟಿಗೆ ಬೇಡಿಕೆ ಏರುವುದೂ ಬೇಸಿಗೆಯಲ್ಲೇ, ಅಲ್ವಾ? ಏನು ಮಾಡುವುದು, ಹೊಲದ ಲೆಕ್ಕವೇ ಮೊದಲು. ಹಾಗೇ ಇರಲಿ ಅಂತಲೇ ನನ್ನ ಮಾತು.

ಹೂಳಿನ ಪೆಟ್ಟು ಹೊಲ, ಕರೆಂಟು ಎರಡಕ್ಕೂ ಬಿದ್ದಿದೆ. ಶುರುವಿನಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. ಉಳಿದದ್ದು ಗೇಟಿನ ಮೇಲೆ ಹೊಳೆಗೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದಾಗ ಟಿಎಂಸಿಗಟ್ಟಲೆ ನೀರು ಹಾಗೆ ಹರಿದುಹೋಯಿತು. ಅದು ಟರ್ಬೈನಿಗೂ ಇಲ್ಲ, ಗದ್ದೆಗೂ ಇಲ್ಲ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಅಡ್ಡಲಾಗಿ ಉಕ್ಕಿನ ಹಲಗೆಗಳನ್ನು ಇಳಿಸಿದ್ದನ್ನು ನಮ್ಮ ಭಾಗದವರು ಉಸಿರು ಬಿಗಿಹಿಡಿದು ನೋಡಿದ್ದಾರೆ.

ಎಡದಂಡೆ ಕಾಲುವೆಯ ನೀರು ಮುನಿರಾಬಾದಿಗೇ ಕೆಲಸ ಮುಗಿಸುವುದಿಲ್ಲ. ಮುಂದೆ ಶಿವಪುರದ ಹತ್ತಿರ 18 ಮೆಗಾವ್ಯಾಟಿನ ಇನ್ನೊಂದು ಸಣ್ಣ ಪವರ್ ಹೌಸ್ ಇದೆ. ಇಲ್ಲಿ ದುಡಿದ ನೀರೇ ಅಲ್ಲಿ ಮತ್ತೆ ಕರೆಂಟ್ ಕೊಟ್ಟು, ಆಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಹೊರಡುತ್ತದೆ. ಕೊನೆಭಾಗದ ರೈತರಿಗೆ ಎಷ್ಟು ಮುಟ್ಟುತ್ತದೆ ಅನ್ನುವುದು ಇನ್ನೊಂದು ದಿನದ ಮಾತಾಗಲಿ. ನಮಸ್ಕಾರ.