ಅತ್ತಿಗೆಯ ಬಾಟಲಿ ಗಟ್ಟಿಯಾಯಿತು

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಜನವರಿಯಲ್ಲಿ ಧಾರವಾಡದಿಂದ ನಮ್ಮ ಅತ್ತಿಗೆ ಫೋನ್ ಮಾಡಿದ್ದರು. ವಿಜಯಪುರದ ಕಡೆ ಸೂರ್ಯಕಾಂತಿ ಹೊಲದಲ್ಲಿ ಜೇನುಪೆಟ್ಟಿಗೆ ಇಟ್ಟವರ ಹತ್ತಿರ ಒಂದು ಕೆಜಿ ಜೇನುತುಪ್ಪ ತಂದಿದ್ದರಂತೆ. ತಂದಾಗ ಬಂಗಾರದ ಬಣ್ಣ. ಮೂರು ವಾರಕ್ಕೆ ಬಾಟಲಿ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. "ಸಕ್ರಿ ಪಾಕ ಕೊಟ್ಟು ಟೊಪಿಗಿ ಹಾಕ್ಯಾರ ನೋಡು. ನೀ ಶಿರಸಿಯಿಂದ ಕಳಿಸಿದ್ದು ಇನ್ನೂ ತೆಳ್ಳಗ ಅದ" ಅಂದರು. ಹೊಗಳಿಕೆ ಕೇಳಿ ಖುಷಿಯಾಯಿತು. ಆದರೆ ನಿಜ ಹೇಳಬೇಕಲ್ಲ.

ಜೇನಿನಲ್ಲಿ ಮುಖ್ಯವಾಗಿ ಇರುವುದು ಎರಡು ಸಕ್ಕರೆ, ಮತ್ತೆ ನೀರು. ಹೂವಿನ ಮಕರಂದದಲ್ಲಿರುವ ಸಕ್ಕರೆಯನ್ನು ಜೇನುಹುಳ ತನ್ನ ಕಿಣ್ವದಿಂದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಫ್ರಕ್ಟೋಸ್ ನೀರಿನಲ್ಲಿ ಸುಲಭವಾಗಿ ಕರಗಿರುತ್ತದೆ. ಗ್ಲೂಕೋಸ್ ಅಷ್ಟು ಸುಲಭಕ್ಕೆ ಅಲ್ಲ, ಅವಕಾಶ ಸಿಕ್ಕರೆ ಹರಳಾಗಿ ಕೂತುಬಿಡುತ್ತದೆ. ಸೂರ್ಯಕಾಂತಿ ಜೇನಿನಲ್ಲಿ ಗ್ಲೂಕೋಸ್ ಜಾಸ್ತಿ. ರಾಜಸ್ಥಾನದ ಸಾಸಿವೆ ಜೇನಿನಲ್ಲೂ ಅಷ್ಟೆ, ಅದು ಬೆಣ್ಣೆಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಕಾಶ್ಮೀರದ ಅಕೇಶಿಯಾ ಜೇನಿನಲ್ಲಿ ಫ್ರಕ್ಟೋಸ್ ಜಾಸ್ತಿ, ಹಾಗಾಗಿ ತಿಂಗಳುಗಟ್ಟಲೆ ಹರಿಯುತ್ತಲೇ ಇರುತ್ತದೆ. ಇನ್ನು ಹರಳುಗಟ್ಟಲು ಹದವಾದ ಚಳಿ ಎಂದರೆ ಸುಮಾರು 14 ಡಿಗ್ರಿ. ಧಾರವಾಡದ ಜನವರಿ ರಾತ್ರಿ ಅಂದರೆ ಅದೇ ಅಲ್ವಾ? ಅತ್ತಿಗೆಗೆ ಯಾರೂ ಟೋಪಿ ಹಾಕಿರಲಿಲ್ಲ.

ತಕರಾರು ಇದ್ದದ್ದು ನನ್ನ ಬಾಟಲಿಯಲ್ಲೇ. ನಮ್ಮ ಮಲೆನಾಡಿನಲ್ಲಿ ಪೆಟ್ಟಿಗೆಯಲ್ಲಿ ಸಾಕುವ ನಾಡಹುಳ ತುಡುವೆ, ಅದರ ಜೇನಿನಲ್ಲಿ ನೀರು ಜಾಸ್ತಿ. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ನೂರಕ್ಕೆ 20ಕ್ಕಿಂತ ಹೆಚ್ಚಿರಬಾರದು. ನಮ್ಮ ಕಡೆ ಎಷ್ಟೋ ಸಲ ಅದು ದಾಟುತ್ತದೆ. ಗಾಳಿಯೇ ಒದ್ದೆ ಇರುವಾಗ ಪಾಪ ಹುಳ ರೆಕ್ಕೆ ಬೀಸಿ ಎಷ್ಟು ಅಂತ ಆರಿಸೀತು! ಕೋಶಗಳಿಗೆ ಮೇಣದ ಮುಚ್ಚಳ ಬೀಳುವ ಮೊದಲೇ ಅವಸರ ಮಾಡಿ ತೆಗೆದರಂತೂ ಇನ್ನೂ ನೀರು. ನಾನೂ ಆ ಸಲ ಅವಸರ ಮಾಡಿದ್ದೆ.

ನೀರು ಜಾಸ್ತಿಯಾದರೆ ಜೇನಿನಲ್ಲಿ ಸುಮ್ಮನೆ ಮಲಗಿರುವ ಯೀಸ್ಟ್ ಎದ್ದು ಕೂರುತ್ತದೆ. ನೊರೆ ಬರುತ್ತದೆ, ಹುಳಿ ವಾಸನೆ ಬರುತ್ತದೆ. ಇದರಲ್ಲಿ ಒಂದು ತಮಾಷೆ ಇದೆ. ಅರ್ಧ ಹರಳುಗಟ್ಟಿದ ಬಾಟಲಿ ನೋಡಿ: ಕೆಳಗೆ ಮರಳು ಮರಳು, ಮೇಲೆ ತೆಳ್ಳಗಿನ ಪದರ. ಗ್ಲೂಕೋಸ್ ಕೆಳಗೆ ಕೂತಿತು, ಅದರ ಪಾಲಿನ ನೀರಿನಲ್ಲಿ ಬಹುಪಾಲು ಮೇಲೆ ಉಳಿಯಿತು. ಮೊದಲು ಹುಳಿಯುವುದು ಆ ಮೇಲಿನ ಪದರವೇ.

ಹಾಗೆ ನೋಡಿದರೆ ಒಳ್ಳೆಯ ಜೇನೂ ಹುಳಿಯೇ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 7ಕ್ಕಿಂತ ಕೆಳಗಿದ್ದರೆ ಹುಳಿ, ಜೇನಿನದು ಸುಮಾರು 3.9. ಸಿಹಿ ಜಾಸ್ತಿ ಇರುವುದರಿಂದ ನಾಲಿಗೆಗೆ ಗೊತ್ತಾಗುವುದಿಲ್ಲ. ಮಿಸರಿ ಅನ್ನುವ ಕುಟುಕದ ಪುಟ್ಟ ಹುಳದ ಜೇನಿನಲ್ಲಿ ಮಾತ್ರ ಗೊತ್ತಾಗುತ್ತದೆ. ಅದರಲ್ಲಿ ನೀರೇ ನೂರಕ್ಕೆ 25 ದಾಟುವುದುಂಟು.

ದಕ್ಷಿಣ ಕನ್ನಡದ ರಬ್ಬರ್ ತೋಟದ ಜೇನಿನ ಕಥೆಯೇ ಬೇರೆ. ಅದು ಹೂವಿನದಲ್ಲ! ಹಳೆ ಎಲೆ ಉದುರಿ ಹೊಸ ಚಿಗುರು ಬರುವಾಗ, ಮೂರು ಎಲೆ ಸೇರುವ ತೊಟ್ಟಿನ ತುದಿಯ ಗ್ರಂಥಿಗಳಲ್ಲಿ ಸಿಹಿ ರಸ ಒಸರುತ್ತದೆ. ಹುಳಗಳು ಅದನ್ನೇ ಹೀರುತ್ತವೆ. ಅದೂ ಬೇಗ ಹರಳುಗಟ್ಟುತ್ತದೆ. ಮಹಾಬಳೇಶ್ವರದ ಕಡೆಯ ಕಾರ್ವಿ ಜೇನು ಇನ್ನೂ ವಿಚಿತ್ರ. ಸುಮ್ಮನೆ ಬಿಟ್ಟರೆ ಕೆನೆಮೊಸರಿನ ಹಾಗೆ ನಿಲ್ಲುತ್ತದೆ, ಚಮಚ ಆಡಿಸಿದರೆ ಹರಿಯುತ್ತದೆ, ಬಿಟ್ಟರೆ ಮತ್ತೆ ನಿಲ್ಲುತ್ತದೆ. ಕಾರ್ವಿ ಹೂ ಬಿಡುವುದೇ ಏಳೆಂಟು ವರ್ಷಕ್ಕೊಮ್ಮೆ.

ಹಾಗಾದರೆ ಕಲಬೆರಕೆ ಕಂಡುಹಿಡಿಯುವುದು ಹೇಗೆ? ಶುದ್ಧ ಜೇನಾದರೆ ನಾಯಿ ಮೂಸುವುದಿಲ್ಲ, ಇರುವೆ ಹತ್ತುವುದಿಲ್ಲ, ಬೆಂಕಿಕಡ್ಡಿ ಅದ್ದಿದರೆ ಹತ್ತಿಕೊಳ್ಳುತ್ತದೆ, ಇವೆಲ್ಲ ನಂಬುವಂಥದ್ದಲ್ಲ. ಇರುವೆಗೆ ಜೇನು ಬೇಡವೇ? ತೂಕ ಮಾಡಿದರೆ ನೀರಿನ ಅಂದಾಜು ಸಿಗುತ್ತದೆ: ಒಂದು ಲೀಟರ್ ಒಳ್ಳೆಯ ಜೇನು ಸುಮಾರು 1 ಕೆಜಿ 400 ಗ್ರಾಂ ತೂಗುತ್ತದೆ. ಆದರೆ ಗಟ್ಟಿ ಸಕ್ಕರೆ ಪಾಕವೂ ಅಷ್ಟೇ ತೂಗಬಲ್ಲದು. ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು.

ಅತ್ತಿಗೆಗೆ ಹೇಳಿದೆ: ಒಲೆ ಮೇಲೆ ಇಡಬೇಡಿ, ಕುದಿಸಿದರೆ ಪರಿಮಳ ಹೋಗುತ್ತದೆ, ಕಿಣ್ವವೂ ಸಾಯುತ್ತದೆ. ಕೈ ತಡೆಯುವಷ್ಟು ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಡಿ, ನಿಧಾನಕ್ಕೆ ಕರಗುತ್ತದೆ. ಅವರು ಕರಗಿಸಲೇ ಇಲ್ಲ. ಬಿಸಿ ಚಪಾತಿಗೆ ಹಾಗೇ ಸವರಿಕೊಂಡು ಬಾಟಲಿ ಖಾಲಿ ಮಾಡಿದರು.

ನಾನು ಕಳಿಸಿದ್ದು ಮಾತ್ರ ಆ ಮಳೆಗಾಲದಲ್ಲಿ ಮುಚ್ಚಳ ತಿರುಗಿಸಿದಾಗ 'ಟಪ್' ಅಂದಿತಂತೆ. ಅಡುಗೆಮನೆಯ ಕಟ್ಟೆ ತುಂಬ ನೊರೆ. ಈಗಲೂ ಧಾರವಾಡಕ್ಕೆ ಹೋದಾಗ ಆ ಕಥೆ ಕೇಳಿಸಿಕೊಳ್ಳುತ್ತೇನೆ.

ನಮಸ್ಕಾರ.