ಬಾಗಿಲಲ್ಲಿ ಬಿಎಂಟಿಸಿ ಬಸ್ಸು: ಶೋರೂಮ್ ಕಾರಿನ ವೀಡಿಯೊ ತೆಗೆಯುವ ಬಗೆ

ಕೇಳುಗರಿಗೆ ನಮಸ್ಕಾರ.

ಹೊಸ ಕಾರಿನ ಮೈ ಪೂರ್ತಿ ಕನ್ನಡಿ. ಕಾರು ಮಾರುವ ಶೋರೂಮಿಗೆ ಒಂದು ನಿಮಿಷದ ಪ್ರಚಾರದ ವೀಡಿಯೊ ಮಾಡಿಕೊಡಲು ಹೊರಟವರನ್ನು ಹೆಚ್ಚು ಗೋಳಾಡಿಸುವುದು ಇದೇ. ಮೈಸೂರು ರಸ್ತೆಯಲ್ಲೋ ಹೊಸೂರು ರಸ್ತೆಯಲ್ಲೋ ಇರುವ ಶೋರೂಮಿನ ಮುಂಭಾಗವೆಲ್ಲ ಗಾಜು. ಒಳಗೆ ನಿಂತ ಕಪ್ಪು ಕಾರಿನ ಬಾಗಿಲಲ್ಲಿ ಹೊರಗೆ ಹೋಗುವ ಬಿಎಂಟಿಸಿ ಬಸ್ಸು ಕಾಣುತ್ತದೆ. ಬಾನೆಟ್ಟಿನ ಮೇಲೆ ಸೂರಿನ ದೀಪಗಳ ಸಾಲು. ಕ್ಯಾಮೆರಾ ಹಿಡಿದವರ ಹಳದಿ ಅಂಗಿಯೂ ಅಲ್ಲೇ ಎಲ್ಲೋ ಇರುತ್ತದೆ. ಚಿತ್ರೀಕರಣದ ಗಡಿಬಿಡಿಯಲ್ಲಿ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಎಡಿಟಿಂಗಿಗೆ ಕೂತಾಗ ಮಾತ್ರ ಬರೀ ಅದೇ ಕಾಣುತ್ತದೆ.

ಇದಕ್ಕೆ ಮದ್ದು ಚಿಕ್ಕಪೇಟೆಯಲ್ಲಿ ಸಿಗುತ್ತದೆ: ಹತ್ತು ಮೀಟರ್ ಕಪ್ಪು ಕಾಟನ್ ಬಟ್ಟೆ. ಸ್ಯಾಟಿನ್ ಬೇಡ, ಅದೇ ಹೊಳೆಯುತ್ತದೆ. ಎರಡು ಸ್ಟ್ಯಾಂಡಿಗೆ ಕಟ್ಟಿ ಕ್ಯಾಮೆರಾದ ಹಿಂದೆ ನಿಲ್ಲಿಸಿ. ತಂಡದವರೆಲ್ಲ ಕಪ್ಪು ಅಂಗಿ ತೊಟ್ಟು ಬರಲಿ. ಕಾರಿನ ನೆತ್ತಿಯ ಮೇಲಿನ ದೀಪಗಳಲ್ಲಿ ಒಂದು ಸಾಲು ಬಿಟ್ಟು ಉಳಿದದ್ದನ್ನು ಆರಿಸಿ. ಆ ಒಂದೇ ಸಾಲು ಮೈಯುದ್ದಕ್ಕೂ ಬೆಳ್ಳಗಿನ ಗೆರೆಯಾಗಿ ಹರಿಯುತ್ತದೆ, ಕಾರಿನ ಆಕಾರ ಎದ್ದು ಕಾಣುವುದು ಆ ಗೆರೆಯಿಂದ. ಕಪ್ಪು ಕಾರಾದರೆ ಪಕ್ಕದಲ್ಲಿ ಬಿಳಿ ಬಟ್ಟೆ ಹಿಡಿದು ಗೆರೆಯನ್ನು ಅಗಲ ಮಾಡಬಹುದು. ಬಿಳಿ ಕಾರಿಗೆ ಉಲ್ಟಾ. ಅಂಚುಗಳ ಬಳಿ ಕಪ್ಪು ಬಟ್ಟೆ ಇಡದಿದ್ದರೆ ಕಾರು ಬಿಳಿ ಗೋಡೆಯಲ್ಲಿ ಕರಗಿಹೋಗುತ್ತದೆ.

ಪ್ರತಿಬಿಂಬ ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಅರ್ಧ ಸತ್ಯ. ಫಿಲ್ಟರನ್ನು ತಿರುಗಿಸಿ ಮುಂದಿನ ಗಾಜಿನ ಪ್ರತಿಬಿಂಬ ಅಳಿಸಿದರೆ ಬಾಗಿಲಿನದು ಮರಳಿ ಬರುತ್ತದೆ. ಕಿಟಕಿಗಳದು ಕಾಯಿಸಿ ಗಟ್ಟಿ ಮಾಡಿದ ಟೆಂಪರ್ಡ್ ಗಾಜು, ಅದರಲ್ಲಿ ಬಣ್ಣಬಣ್ಣದ ಮಚ್ಚೆಗಳು ಏಳುತ್ತವೆ. ಮೇಲಾಗಿ ಫಿಲ್ಟರು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ, ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ. ನಿಂತ ಶಾಟ್‌ಗೆ ಹಾಕಿ. ಕಾರಿನ ಸುತ್ತ ನಡೆಯುತ್ತ ತೆಗೆಯುವ ಶಾಟ್‌ಗೆ ತೆಗೆದಿಡಿ, ಇಲ್ಲವಾದರೆ ಪ್ರತಿ ಹೆಜ್ಜೆಗೂ ಕಾರಿನ ಹೊಳಪು ಬದಲಾಗುತ್ತದೆ.

ಇನ್ನು ದೀಪದ ಮಿನುಗು. ನಮ್ಮ ಕರೆಂಟು 50 ಹರ್ಟ್ಜ್, ಆದ್ದರಿಂದ ದೀಪಗಳು ಸೆಕೆಂಡಿಗೆ 100 ಬಾರಿ ಮಿಡಿಯುತ್ತವೆ. ಫೋನು, ಕ್ಯಾಮೆರಾಗಳಲ್ಲಿ ಎಷ್ಟೋ ಸಲ ಸೆಕೆಂಡಿಗೆ 30 ಫ್ರೇಮು, ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಒಳಬಿಡುವ ಹೊತ್ತು, ಸೆಕೆಂಡಿನ 60ರಲ್ಲಿ ಒಂದು ಭಾಗ ಎಂದು ಇಟ್ಟಿರುತ್ತದೆ. ಹಾಗೇ ಬಿಟ್ಟರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಏರಿಳಿಯುತ್ತವೆ. 25 ಫ್ರೇಮು, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗ ಇಡಿ. ಸ್ಲೋ ಮೋಷನ್ ಬೇಕಾದರೆ 120 ಬೇಡ. 100 ಫ್ರೇಮು, ಸೆಕೆಂಡಿನ 100ರಲ್ಲಿ ಒಂದು ಭಾಗ. ಕಾರಿನ ಎಲ್‌ಇಡಿ ಹೆಡ್‌ಲೈಟಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಅದರ ಮಿಡಿತವೇ ಬೇರೆ. ಮಾನಿಟರ್ ನೋಡುತ್ತ ಶಟರನ್ನು ಒಂದಿಷ್ಟು ಹಿಂದೆ ಮುಂದೆ ಮಾಡಬೇಕು.

ಹೆಡ್‌ಲೈಟು, ಡ್ಯಾಶ್‌ಬೋರ್ಡಿನ ಸ್ಕ್ರೀನು ಉರಿಸಿಟ್ಟೇ ರಿಹರ್ಸಲ್ ಮಾಡುತ್ತ ಕೂತರೆ ಬ್ಯಾಟರಿ ಇಳಿಯುತ್ತದೆ. ವಾರಗಟ್ಟಲೆ ನಿಂತ ಡಿಸ್‌ಪ್ಲೇ ಕಾರಾದರೆ ಇನ್ನೂ ಬೇಗ. ಮುಚ್ಚಿದ ಶೋರೂಮಿನಲ್ಲಿ ಎಂಜಿನ್ ಚಾಲೂ ಇಡುವಂತಿಲ್ಲ, ಹೊಗೆ. ಸರ್ವಿಸ್ ವಿಭಾಗದಿಂದ ಬ್ಯಾಟರಿ ಚಾರ್ಜರ್ ತರಿಸಿ.

ಕ್ಯಾಮೆರಾ ಹೆಡ್‌ಲೈಟಿನ ಎತ್ತರದಲ್ಲಿರಲಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ 50ರಿಂದ 85 ಎಂಎಂ ಲೆನ್ಸ್ ಹಾಕಿ ದೂರ ನಿಲ್ಲಿ. ಜಾಗವಿಲ್ಲವೆಂದು ವೈಡ್ ಲೆನ್ಸ್ ಹಾಕಿದರೆ ಕಾರಿನ ಮೂತಿ ಊದಿಕೊಳ್ಳುತ್ತದೆ. ಮುಂದಿನ ಚಕ್ರವನ್ನು ಟೈರಿನ ಹಲ್ಲು ಕಾಣುವಂತೆ ತಿರುಗಿಸಬೇಡಿ, ಅಲಾಯ್ ಚಕ್ರದ ಮುಖ ಕಾಣಬೇಕು. ಡ್ಯಾಶ್‌ಬೋರ್ಡ್ ತೆಗೆಯುವ ಮುನ್ನ ಬಾಗಿಲು ಮುಚ್ಚಿ, ಬೆಲ್ಟ್ ಹಾಕಿ, ಇಲ್ಲವಾದರೆ ಕೆಂಪು ಗುರುತುಗಳು ಉರಿಯುತ್ತಿರುತ್ತವೆ. ಸ್ಕ್ರೀನಿನಲ್ಲಿ ಯಾರದೋ ಫೋನಿನ ಹೆಸರು ಇದ್ದರೆ ಅದನ್ನೂ ಅಳಿಸಿ.

ಸೇಲ್ಸ್ ಹುಡುಗನಿಂದ ಮಾತಾಡಿಸುವಾಗ ಕಾಲರ್ ಮೈಕು ಬಾಯಿಂದ ಒಂದು ಗೇಣಿನೊಳಗೆ ಇರಲಿ. ಟೈಲ್ಸು, ಗಾಜು ಸೇರಿ ಶೋರೂಮು ಬಾವಿಯ ಹಾಗೆ ಮೊಳಗುತ್ತದೆ. ಅವನನ್ನು ಕಾರಿನೊಳಗೆ ಕೂರಿಸಿ ಬಾಗಿಲು ಹಾಕಿದರೆ ಇನ್ನೂ ಒಳ್ಳೆಯದು. ಸೀಟು, ಬಟ್ಟೆ ಎಲ್ಲ ಸದ್ದನ್ನು ಹೀರುತ್ತವೆ, ಸ್ಟುಡಿಯೋದ ದನಿ ಬರುತ್ತದೆ.

ಬೆಲೆಯನ್ನು ಅವನ ಬಾಯಲ್ಲಿ ಹೇಳಿಸಬೇಡಿ, ಇದಂತೂ ಖಂಡಿತ. 2025ರ ಸೆಪ್ಟೆಂಬರ್ 22ರಂದು ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು, ಮೇಲಿದ್ದ ಸೆಸ್ಸೂ ಹೋಯಿತು. ಮಾತಿನಲ್ಲಿ ಬೆಲೆ ಹೇಳಿಸಿದ್ದ ವೀಡಿಯೊ ಅಂದೇ ಹಳತು. ಬೆಲೆ ಕೊನೆಯಲ್ಲಿ ಬರಹವಾಗಿ ಬರಲಿ, ಎಕ್ಸ್-ಶೋರೂಮೋ ಆನ್-ರೋಡೋ ಸ್ಪಷ್ಟವಾಗಿರಲಿ. ಮೊಬೈಲಿಗೆಂದು ಚೌಕಟ್ಟನ್ನು ನಿಲ್ಲಿಸಿ (ವರ್ಟಿಕಲ್ ಆಗಿ) ತೆಗೆದಿದ್ದರೆ ಆ ಬರಹವನ್ನು ತಳದಲ್ಲಿ ಹಾಕಬೇಡಿ, ಅಲ್ಲಿ ಆ್ಯಪ್‌ನ ಅಕ್ಷರಗಳು ಅದನ್ನು ಮುಚ್ಚುತ್ತವೆ.

ರಸ್ತೆಯ ದೃಶ್ಯಕ್ಕೆ ನೋಂದಣಿಯಾದ ಟೆಸ್ಟ್ ಡ್ರೈವ್ ಕಾರನ್ನೇ ಒಯ್ಯಿರಿ, ಪೊಲೀಸರ ಅನುಮತಿ ಮೊದಲೇ ಇರಲಿ. ಡ್ರೋನ್ ಆಸೆಯಿದ್ದರೆ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆಯಿರಿ. ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು, ದೇವನಹಳ್ಳಿ ಹೀಗೆ ವಿಮಾನ ಇಳಿಯುವ ತಾಣಗಳೆಲ್ಲ ಸೇರಿ ಬೆಂಗಳೂರಿನ ಆಕಾಶದಲ್ಲಿ ಹಸಿರು ವಲಯ, ಅಂದರೆ ಅನುಮತಿ ಕೇಳದೆ ಹಾರಿಸಬಹುದಾದ ಜಾಗ, ಹುಡುಕುವುದು ಊರಲ್ಲಿ ಪಾರ್ಕಿಂಗ್ ಹುಡುಕಿದಷ್ಟೇ ಸುಲಭ.

ಡೆಲಿವರಿಯ ದೃಶ್ಯವನ್ನು ಆಯುಧಪೂಜೆಯ ದಿನ ಇಟ್ಟುಕೊಳ್ಳಬೇಡಿ, ಕಾಲಿಡಲೂ ಜಾಗವಿರುವುದಿಲ್ಲ. ಬೇರೆ ದಿನವೂ ಚಕ್ರ ನಿಂಬೆಹಣ್ಣಿನ ಮೇಲೆ ಹತ್ತುವುದು ಒಂದೇ ಸಲ. ಮನೆಯವರಿಗೆ ಅದು ಪೂಜೆ, ರೀಟೇಕ್ ಕೇಳುವಂತಿಲ್ಲ. ಕ್ಯಾಮೆರಾವನ್ನು ಮೊದಲೇ ನೆಲಕ್ಕೆ ತಾಗಿಸಿ, ಚಕ್ರದ ಪಕ್ಕಕ್ಕೆ, ಎರಡು ಅಡಿ ದೂರದಲ್ಲಿಡಿ. ಫೋಕಸ್ಸನ್ನು ಹಣ್ಣಿನ ಮೇಲೆ ಲಾಕ್ ಮಾಡಿ. ಲೆನ್ಸಿನ ಮುಂದೆ ಸಾದಾ ಗಾಜಿನ ಫಿಲ್ಟರ್ ಹಾಕಿ, ರಸ ಸಿಡಿಯುತ್ತದೆ.