ಮರಡಿಹಳ್ಳಿಯ ಕಡಲ ತಳದಲ್ಲಿ ಒಂದು ಬೆಳಗು

ಕೇಳುಗರಿಗೆ ನಮಸ್ಕಾರ.

ಕಡಲು ನೋಡಬೇಕೆಂದರೆ ಚಿತ್ರದುರ್ಗದವರಾದ ನಾವು ಉಡುಪಿಗೋ ಕಾರವಾರಕ್ಕೋ ಬಸ್ಸು ಹತ್ತುತ್ತೇವೆ. ಕಳೆದ ಶ್ರಾವಣದ ಒಂದು ಭಾನುವಾರ ನಾವು ಹದಿನಾಲ್ಕು ಮಂದಿ ಊರಿನಿಂದ ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್ ಹೋಗಿ, ಕಡಲ ತಳದ ಮೇಲೆಯೇ ನಡೆದಾಡಿ ಬಂದೆವು. ಮರಡಿಹಳ್ಳಿಯ ದಿಂಬುಗಲ್ಲುಗಳ ವಿಷಯ ಹೇಳುತ್ತಿದ್ದೇನೆ.

ದಾರಿಯುದ್ದಕ್ಕೂ ತಂಗಡಿಯ ಹಳದಿ, ನೆಲದಲ್ಲಿ ವಿಷ್ಣುಕ್ರಾಂತಿಯ ಪುಟ್ಟ ನೀಲಿ. ಬೇಲಿಯೊಂದರಲ್ಲಿ ಗೌರಿ ಹೂವಿನ ಬಳ್ಳಿ ಸಿಕ್ಕಿತು. ಅದರ ಎಲೆಯ ತುದಿಯೇ ಸುರುಳಿಯಾಗಿ ಮುಳ್ಳುಕಡ್ಡಿಯನ್ನು ಹಿಡಿದುಕೊಂಡಿತ್ತು. ಅಲ್ಲಿಯೇ ಅರ್ಧ ಗಂಟೆ ನಿಂತೆವು.

ಆಮೇಲೆ ಕಲ್ಲು. ದೂರದಿಂದ ವಿಶೇಷವೇನೂ ಕಾಣುವುದಿಲ್ಲ. ಎಳೆ ಬಿಸಿಲು ಓರೆಯಾಗಿ ಬೀಳುವಾಗ ಹತ್ತಿರ ಕುಳಿತು ನೋಡಬೇಕು. ಹಸಿರು ಬೆರೆತ ಬೂದು ಬಣ್ಣದ ದಿಂಬುಗಳನ್ನು ಯಾರೋ ಒಂದರ ಮೇಲೊಂದು ಒಟ್ಟಿದಂತಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿನಡಿ ಲಾವಾ ಉಕ್ಕಿತು. ಬೆಲ್ಲದ ಪಾಕ ಹದಕ್ಕೆ ಬಂದಿತೇ ಎಂದು ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ನೋಡುತ್ತೇವಲ್ಲ, ಹಾಗೆಯೇ ನೀರು ಸೋಕಿದ ಕೂಡಲೇ ಲಾವಾದ ಹೊರಮೈ ಗಟ್ಟಿಯಾಯಿತು. ಒಳಗಿನ ಬಿಸಿ ದ್ರವ ಆ ಸಿಪ್ಪೆಯನ್ನು ಸೀಳಿ ಹೊರಬಂದು ಇನ್ನೊಂದು ದಿಂಬಾಯಿತು. ಇನ್ನೂ ಮೆದುವಾಗಿದ್ದ ದಿಂಬು ಕೆಳಗಿನ ಎರಡರ ಸಂದಿಗೆ ಜಗ್ಗಿ ಕುಳಿತಿತು. ಅದಕ್ಕೇ ಮೇಲೆ ಉಬ್ಬು, ಅಡಿಯಲ್ಲಿ ಚೂಪು. ಪದರಗಳು ಮಗುಚಿದ್ದರೂ, ಅಂದು ಯಾವುದು ಮೇಲಿತ್ತು ಎಂಬುದನ್ನು ಭೂವಿಜ್ಞಾನಿಗಳು ಆ ಚೂಪಿನಿಂದಲೇ ಓದುತ್ತಾರೆ. ನಮ್ಮ ಕೋಟೆಯ ಬಂಡೆಗಳೂ ದುಂಡಗಿವೆ, ನಿಜ. ಅವು ಬಿಸಿಲು ಮಳೆಗೆ ಸವೆದು ದುಂಡಾದವು. ಇವು ಹುಟ್ಟುವಾಗಲೇ ದುಂಡು.

ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೂ ಕೆಲವು ದಿಂಬುಗಳ ಅಂಚಿನಲ್ಲಿ ಸುತ್ತಿಗೆಯ ಹೊಸ ಗಾಯ ಕಂಡು ನನಗೆ ಹೊಟ್ಟೆ ಉರಿಯಿತು. ನೆನಪಿಗೆಂದು ಒಡೆದು ಚೀಲಕ್ಕೆ ಹಾಕಿಕೊಂಡ ಚೂರು ಬರೀ ಕಲ್ಲು. ಪಕ್ಕದ ದಿಂಬಿಗೆ ಒತ್ತಿಕೊಂಡಿದ್ದಾಗ ಮಾತ್ರ ಅದು ಕಡಲಿನ ಗುರುತು. ದಯವಿಟ್ಟು ಹೋಗಿ ನೋಡಿ, ಮುಟ್ಟಿ, ಒಡೆಯಬೇಡಿ.

ಹಿಂದಿರುಗುವಾಗ ಎರಡು ಟಿಟ್ಟಿಭ ಹಕ್ಕಿಗಳು ತಲೆಯ ಮೇಲೆ ಸುತ್ತುತ್ತಾ ಕೂಗಲಾರಂಭಿಸಿದವು. ಜೊತೆಗಿದ್ದ ಏಳನೇ ತರಗತಿಯ ಹುಡುಗಿ ನನ್ನ ತೋಳು ಹಿಡಿದು ನಿಲ್ಲಿಸಿ ನೆಲ ತೋರಿಸಿದಳು. ಗೂಡೆಂಬುದೇ ಇಲ್ಲ. ಗರಸಿನಲ್ಲಿ ಒಂದು ಸಣ್ಣ ತಗ್ಗು, ನಾಲ್ಕು ಮೊಟ್ಟೆಗಳು, ನೆಲದ್ದೇ ಬಣ್ಣ, ಕರಿ ಮಚ್ಚೆ. ನನ್ನ ಪಾದ ಅವುಗಳಿಂದ ಎರಡೇ ಗೇಣು ದೂರದಲ್ಲಿತ್ತು. ಬಂದ ಹೆಜ್ಜೆಯಲ್ಲೇ ಎಲ್ಲರೂ ಹಿಂದೆ ಸರಿದೆವು. ಕೂಗು ನಿಂತಿತು. ಒಂದು ಹಕ್ಕಿ ಮೊಟ್ಟೆಗಳಿಂದ ಬಹಳ ದೂರದಲ್ಲಿ ಇಳಿದು, ನಮ್ಮ ಕಡೆಗೇ ನೋಡುತ್ತಾ ನಿಂತು, ಆಮೇಲೆ ಹಳದಿ ಕಾಲುಗಳಲ್ಲಿ ನಾಲ್ಕು ಹೆಜ್ಜೆ ಓಡಿ, ತಡೆದು, ಮತ್ತೆ ಓಡಿ, ಮೊಟ್ಟೆಗಳ ಮೇಲೆ ಕುಳಿತಿತು.